ಮದ್ದಿನ ದಾರಿದ್ರ್ಯವೂ ಅಮೆರಿಕದ ಸ್ವಾತಂತ್ರ್ಯವೂ

ಕನ್ನಡದಲ್ಲಿ ಮದ್ದೆಂಬ ಶಬ್ದಕ್ಕೆ ಎರಡು ಅರ್ಥಗಳುಂಟಷ್ಟೆ. ರೋಗಿಯ ಪ್ರಾಣವನ್ನುಳಿಸುವ ಔಷಧವೂ ಮದ್ದೇ, ಕೋವಿಯೊಳಗೆ ಸಿಡಿದು ಪ್ರಾಣವನ್ನು ಕಳೆಯುವ ಚೂರ್ಣವೂ ಮದ್ದೇ. ಪರಸ್ಪರ ವಿರುದ್ಧವಾದ ಕಾರ್ಯಗಳನ್ನು ಮಾಡುವ ಈ ಎರಡು ವಸ್ತುಗಳಿಗೆ ಸಮಾನವಾದ ಧರ್ಮವೊಂದಿದೆ. ಅದಾವುದೆಂದರೆ ಮಾತ್ರೆ, ಎಂದರೆ ಅಳತೆ. ಹೆಚ್ಚಾದರೆ ಎರಡೂ ಕೈಯಲ್ಲಿ ಹಿಡಿದವನನ್ನೇ ಕೊಲ್ಲುತ್ತವೆ. ಕಡಮೆಯಾದರೆ ಎರಡೂ ನಿಷ್ಫಲವಾಗುತ್ತವೆ. ವೈದ್ಯನ ಅಳತೆಯ ವಿಷಯವಾಗಿ ನಮ್ಮಲ್ಲಿ ಗ್ರಂಥಗಳು ಹೇರಳವಾಗಿವೆ. ಯೋಧನ ಅಳತೆಯ ವಿಷಯವನ್ನಾದರೋ ಇತಿಹಾಸಕಾರರು ಪ್ರಾಯಶಃ ಮರೆತೇಬಿಡುತ್ತಾರೆ. ಸೇನಾಪತಿಗಳ ಶೌರ್ಯ, ವ್ಯೂಹಗಳ ಚಾತುರ್ಯ, ಮಂತ್ರಿಗಳ ವಾಗ್ಮಿತೆ ಇವೆಲ್ಲವೂ ಪುಟಪುಟಗಳಲ್ಲಿ ವರ್ಣಿತವಾಗಿರುತ್ತವೆ. ಆ ದಿನ ಸಿಪಾಯಿಯ ಚೀಲದಲ್ಲಿ ಎಷ್ಟು ತೋಟೆಗಳಿದ್ದುವೆಂಬುದು ಮಾತ್ರ ಎಲ್ಲಿಯೋ ಒಂದು ಮೂಲೆಯಲ್ಲಿ ಅಡಗಿರುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಆದಿಭಾಗವನ್ನು, ಎಂದರೆ ೧೭೭೫ರಿಂದ ೧೭೭೭ರವರೆಗಿನ ವೃತ್ತಾಂತವನ್ನು, ಆ ಮೂಲೆಯಿಂದ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಕೋವಿಮದ್ದಿಗೆ ಅಂಗಗಳು ಮೂರು: ಪೆಟ್ಲುಪ್ಪು, ಇದ್ದಲು, ಗಂಧಕ. ನೂರು ಭಾಗ ಮದ್ದಿನಲ್ಲಿ ಸುಮಾರು ೭೫ ಭಾಗ ಪೆಟ್ಲುಪ್ಪು, ೧೫ ಭಾಗ ಇದ್ದಲು, ೧೦ ಭಾಗ ಗಂಧಕವಿರುವುದು ರೂಢಿ. ಶುಕ್ರನೀತಿಯಲ್ಲಿ ಅಗ್ನಿಚೂರ್ಣವೆಂಬ ಹೆಸರಿನಿಂದ ಇದರ ಪ್ರಸ್ತಾಪವಿದೆ. ಆದರೆ ಆ ಭಾಗವು ಅರ್ವಾಚೀನವೆಂದು ವಿದ್ವಾಂಸರು ನಿರ್ಣಯಿಸಿರುವುದರಿಂದ ಅದನ್ನು ಪ್ರಾಚೀನತೆಗೆ ಪ್ರಮಾಣವಾಗಿ ಹಿಡಿಯಲಾಗದು. ಚಿತ್ರದುರ್ಗದ ಕೋಟೆಯನ್ನು ನೋಡಿದವರೆಲ್ಲರೂ ಅಲ್ಲಿನ ಮದ್ದು ಬೀಸುವ ಭಾರಿಯ ಕಲ್ಲುಗಳನ್ನು ಕಂಡಿರುತ್ತಾರೆ. ಇದ್ದಲನ್ನು ಯಾವ ಕಾಡಿನಲ್ಲಾದರೂ ಸುಡಬಹುದು. ಗಂಧಕವು ಸ್ವಲ್ಪವೇ ಸಾಕು, ಕೊಂಡು ತರಬಹುದು. ಕಷ್ಟವೆಲ್ಲವೂ ಪೆಟ್ಲುಪ್ಪಿನದು. ಅದು ಗಣಿಯಿಂದ ಅಗೆದು ತೆಗೆಯುವ ಲೋಹದಂತಹುದಲ್ಲ. ದನದ ಕೊಟ್ಟಿಗೆಯ ನೆಲ, ಹಳೆಯ ಗೋಡೆಯ ಬುಡ, ತಿಪ್ಪೆಯ ಮಣ್ಣು ಇಂತಹ ಸ್ಥಳಗಳಲ್ಲಿ ಗಂಜಲವೂ ಗೊಬ್ಬರವೂ ವರ್ಷಾನುಗಟ್ಟಲೆ ಕೊಳೆತು ಮಾಗಿದ ಮೇಲೆ ಉಪ್ಪು ಬೆಳ್ಳಗೆ ಹೂತು ಮೇಲಕ್ಕೆ ಬರುತ್ತದೆ. ಆ ಮಣ್ಣನ್ನು ಕೆರೆದು, ನೀರಿನಲ್ಲಿ ನೆನೆಯಿಟ್ಟು ಸೋಸಿ, ಕಾಯಿಸಿ, ಆರಿಸಿ ಹರಳುಗಟ್ಟಿಸಬೇಕು. ಕಾಲವೂ ತಾಳ್ಮೆಯೂ ಬೆಚ್ಚನೆಯ ಹವೆಯೂ ಇದಕ್ಕೆ ಬೇಕು. ಯುದ್ಧವು ಬಾಗಿಲಿಗೆ ಬಂದ ದಿನ ಆರಂಭಿಸಿದರೆ ಆಗುವ ಕೆಲಸವಲ್ಲ.

ಅಮೆರಿಕದ ೧೩ ವಸಾಹತುಗಳವರು ಈ ಕೆಲಸವನ್ನು ಬಹಳ ಮಟ್ಟಿಗೆ ಕೈಬಿಟ್ಟಿದ್ದರು. ೧೭೬೩ರಲ್ಲಿ ಮುಗಿದ ಏಳು ವರ್ಷಗಳ ಯುದ್ಧದ ತರುವಾಯ ಅಲ್ಲಿನ ಮದ್ದಿನ ಕಾರ್ಖಾನೆಗಳು ಹಾಳುಬಿದ್ದುವು. ಇಂಗ್ಲೆಂಡಿನಿಂದ ಸುಲಭವಾಗಿ ಬರುವುದನ್ನು ಬಿಟ್ಟು ತಾವು ಮಾಡಿಕೊಳ್ಳುವುದೇತಕ್ಕೆಂಬ ಭಾವನೆಯೇ ಇದಕ್ಕೆ ಕಾರಣ. ಮನಸ್ತಾಪವು ಬೆಳೆದಾಗ ಆಂಗ್ಲ ಸರ್ಕಾರವು ಮೊದಲು ಹಿಡಿದುದೇ ಈ ಮರ್ಮಸ್ಥಾನವನ್ನು. ೧೭೭೪ನೆಯ ಸೆಪ್ಟೆಂಬರ್ ೧ರಂದು ಜನರಲ್ ಗೇಜನ ಸಿಪಾಯಿಗಳು ಬಾಸ್ಟನ್ ನಗರದ ಸಮೀಪದ ಮದ್ದಿನ ಮನೆಯನ್ನು ಬರಿದು ಮಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮೂರನೆಯ ಜಾರ್ಜ್ ದೊರೆಯು ವಸಾಹತುಗಳಿಗೆ ಮದ್ದನ್ನೂ ಆಯುಧಗಳನ್ನೂ ಕಳುಹಿಸಕೂಡದೆಂದು ನಿರೂಪವಿತ್ತನು. ಡಿಸೆಂಬರ್ ೧೪ರಂದು ನ್ಯೂ ಹ್ಯಾಂಪ್‌ಷೈರಿನ ಜನರು ಪೋರ್ಟ್ಸ್‌ಮತ್ತಿನ ಕೋಟೆಗೆ ನುಗ್ಗಿ ಸುಮಾರು ೧೦೦ ಪೀಪಾಯಿ ಮದ್ದನ್ನು ಹೊತ್ತುಕೊಂಡು ಹೋದರು. ೧೭೭೫ನೆಯ ಏಪ್ರಿಲ್ ೧೯ರಂದು ಲೆಕ್ಸಿಂಗ್‌ಟನ್ ಹಳ್ಳಿಯಲ್ಲಿ ಮೊದಲನೆಯ ಗುಂಡು ಹಾರಿದಾಗಲೂ ಆಂಗ್ಲರ ಸೈನ್ಯವು ಹೊರಟಿದ್ದುದು ಕಾಂಕರ್ಡಿನಲ್ಲಿ ಬಚ್ಚಿಟ್ಟಿದ್ದ ಯುದ್ಧಸಾಮಗ್ರಿಯನ್ನು ನಾಶಮಾಡುವುದಕ್ಕಾಗಿಯೇ. ಇದಾದ ಒಂದೆರಡು ದಿನಗಳಲ್ಲಿ ವರ್ಜೀನಿಯದ ಗವರ್ನರನಾದ ಡನ್‌ಮೋರನು ರಾತ್ರಿಯ ಹೊತ್ತಿನಲ್ಲಿ ವಿಲಿಯಮ್ಸ್‌ಬರ್ಗಿನ ಮದ್ದನ್ನು ಹಡಗಿಗೆ ಸಾಗಿಸಿದನು. ಕರಭಾರದ ವಿವಾದವಾಗಿ ಮೊದಲಾದುದು ಮದ್ದಿನ ಪೀಪಾಯಿಗಳ ಹೋರಾಟವಾಗಿ ಪರಿಣಮಿಸಿತು.

೧೭೭೫ನೆಯ ಜೂನ್ ೧೭ರಂದು ಬಂಕರ್ ಹಿಲ್ಲಿನ ಕದನವು ನಡೆಯಿತು. ಶತ್ರುವಿನ ಕಣ್ಣಿನ ಬಿಳುಪು ಕಾಣುವವರೆಗೂ ಗುಂಡು ಹಾರಿಸಬೇಡಿರೆಂದು ಅಮೆರಿಕದ ನಾಯಕರು ಅಪ್ಪಣೆ ಕೊಟ್ಟರೆಂಬ ಐತಿಹ್ಯವು ಅಲ್ಲಿನ ಬಾಲಕರಿಗೆಲ್ಲ ಕಂಠಸ್ಥವಾಗಿದೆ. ಆ ಮಾತನ್ನು ಯಾರಾಡಿದರೆಂಬ ವಿಷಯದಲ್ಲಿ ಮತಭೇದಗಳಿವೆ. ಶತ್ರುವನ್ನು ಹತ್ತಿರಕ್ಕೆ ಬರಗೊಟ್ಟು ಹೊಡೆದುದು ಮಾತ್ರ ನಿಜ. ಇದನ್ನು ಎಲ್ಲರೂ ಧೈರ್ಯದ ಪರಾಕಾಷ್ಠೆಯೆಂದು ಹೊಗಳುತ್ತಾರೆ. ಧೈರ್ಯವೇನೋ ಅಹುದು, ಆದರೆ ಆ ಧೈರ್ಯಕ್ಕೆ ಜನನಿ ದಾರಿದ್ರ್ಯ. ಮದ್ದು ಸಾಲದವನು ದೂರದಿಂದ ಹೊಡೆದು ಒಂದು ತೋಟೆಯನ್ನು ವ್ಯರ್ಥಮಾಡಿದರೆ ಎರಡನೆಯದಿರುವುದಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗೃಹಸ್ಥಧರ್ಮವು ರಣರಂಗಕ್ಕೆ ಬಂದಾಗ ಈ ರೂಪವನ್ನು ತಾಳಿತು. ಆಂಗ್ಲರು ಎರಡು ಸಲ ಗುಡ್ಡವನ್ನೇರಿ ಬಂದು ಎರಡು ಸಲವೂ ಹಿಮ್ಮೆಟ್ಟಿದರು. ಮೂರನೆಯ ಸಲ ಬರುವಷ್ಟರಲ್ಲಿ ಕರ್ನಲ್ ಪ್ರೆಸ್ಕಾಟನ ಜನರ ಚೀಲಗಳು ಬರಿದಾಗಿದ್ದುವು. ಫಿರಂಗಿಗಾಗಿ ಕಟ್ಟಿಟ್ಟಿದ್ದ ಮದ್ದಿನ ಕೆಲವು ಚೀಲಗಳನ್ನು ಹರಿದು, ಆ ಮದ್ದನ್ನು ಬಂದೂಕುಗಾರರಿಗೆ ಹಂಚಿದರು. ಅದೂ ತೀರಿದ ಮೇಲೆ ಬಂದೂಕಿನ ಹಿಡಿಯಿಂದ ಬಡಿದಾಡುತ್ತ ಹಿಂದೆಗೆದರು. ಗುಡ್ಡವು ಆಂಗ್ಲರ ವಶವಾಯಿತು. ಆದರೆ ಅವರಲ್ಲಿ ೨೨೬ ಮಂದಿ ಹತರಾಗಿ ೮೨೮ ಮಂದಿ ಗಾಯಪಟ್ಟಿದ್ದರು.

ಜುಲೈ ೩ರಂದು ಜಾರ್ಜ್ ವಾಷಿಂಗ್‌ಟನ್ನನು ಕೇಂಬ್ರಿಡ್ಜಿನಲ್ಲಿ ಸೇನಾಧಿಪತ್ಯವನ್ನು ವಹಿಸಿದನು. ಉಗ್ರಾಣದಲ್ಲಿ ೩೦೮ ಪೀಪಾಯಿ ಮದ್ದಿದೆಯೆಂದು ಅವನಿಗೆ ಮೊದಲು ಲೆಕ್ಕವೊಪ್ಪಿಸಿದ್ದರು. ಆಗಸ್ಟ್ ತಿಂಗಳ ಆದಿಯಲ್ಲಿ ಪುನಃ ಎಣಿಸಿದಾಗ ಮ್ಯಾಸಚುಸೆಟ್ಸಿನವರ ಉಗ್ರಾಣದಲ್ಲಿ ೩೬ ಪೀಪಾಯಿಗಳು ಮಾತ್ರ ಸಿಕ್ಕಿದುವು. ಮೊದಲಿನಿಂದ ಸಂಗ್ರಹಿಸಿದುದೆಲ್ಲವನ್ನೂ ಕೂಡಿಸಿ, ಬಂಕರ್ ಹಿಲ್ಲಿನಲ್ಲಿ ಖರ್ಚಾದುದನ್ನು ಕಳೆಯದೆ ಲೆಕ್ಕ ಬರೆದಿದ್ದುದೇ ಈ ವ್ಯತ್ಯಾಸಕ್ಕೆ ಕಾರಣ. ಇತರ ವಸಾಹತುಗಳವರದನ್ನು ಸೇರಿಸಿದರೂ ಸೈನ್ಯದಲ್ಲಿದ್ದ ಮದ್ದೆಲ್ಲವೂ ೧೦,೦೦೦ ರಾತ್ತಲುಗಳಿಗೆ ಮೀರಲಿಲ್ಲ; ತಲೆಗೆ ೯ ತೋಟೆಗಳೂ ಸರಿಯಾಗಿ ಬರುತ್ತಿರಲಿಲ್ಲ. ಈ ಸಂಗತಿಯನ್ನು ಕೇಳಿದ ವಾಷಿಂಗ್‌ಟನ್ನನು ಅರ್ಧ ಘಂಟೆಯ ಕಾಲ ಒಂದು ಮಾತನ್ನೂ ಆಡಲಿಲ್ಲವೆಂದು, ಸಭೆಯಲ್ಲಿದ್ದ ಜನರಲ್ ಸಲ್ಲಿವನ್ನನು ಪತ್ರದಲ್ಲಿ ಬರೆದಿದ್ದಾನೆ. ಆ ಮೌನದ ಅರ್ಥವನ್ನು ಊಹಿಸುವುದು ಕಷ್ಟವಲ್ಲ. ಎದುರಿಗೆ ಬಾಸ್ಟನ್ನಿನಲ್ಲಿ ಸುಶಿಕ್ಷಿತವಾದ ಸೈನ್ಯ; ಹಿಂದೆ ತನ್ನನ್ನೇ ನಂಬಿದ ದೇಶ; ನಡುವೆ ೯ ತೋಟೆಗಳು.

ನಮ್ಮ ಅರ್ಥಶಾಸ್ತ್ರಜ್ಞರು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದ್ದಾರೆ. ಇವುಗಳಲ್ಲಿ ಒಂದು ಕುಂದಿದರೂ ಉಳಿದವು ನಿಲ್ಲಲಾರವು. ಅಂದಿನ ಅಮೆರಿಕವನ್ನು ಈ ಮಾನದಿಂದ ಅಳೆದರೆ, ಸ್ವಾಮಿಯೆನ್ನಬಹುದಾದ ನಾಯಕನಿದ್ದನು, ಅಮಾತ್ಯಸ್ಥಾನದಲ್ಲಿ ಕಾಂಗ್ರೆಸ್ ಸಭೆಯಿದ್ದಿತು, ಜನಪದವು ಸಮೃದ್ಧವಾಗಿದ್ದಿತು, ದಂಡಕ್ಕೆ ಜನರು ತಾವಾಗಿಯೇ ಬಂದು ಸೇರಿದ್ದರು. ಕೋಶವಿರಲಿಲ್ಲ, ಮಿತ್ರನಿರಲಿಲ್ಲ. ಕೋಶವೆಂದರೆ ಹೊನ್ನೊಂದೇ ಅಲ್ಲ. ಧಾನ್ಯ, ಆಯುಧ, ಮದ್ದು ಎಲ್ಲವೂ ಅದರಲ್ಲಿ ಸೇರಿದುವು. ಹೀಗೆ ಬರಿದಾದ ಕೋಶವನ್ನು ಅವರು ಮೂರು ವಿಧವಾಗಿ ತುಂಬಲು ಪ್ರಯತ್ನಿಸಿದರು: ಇದ್ದುದನ್ನು ಮಿತವಾಗಿ ಬಳಸಿ, ಮನೆಯಲ್ಲಿ ತಯಾರಿಸಿ, ಹೊರಗಿನಿಂದ ತಂದು.

ಮಿತವ್ಯಯದ ವಿಷಯದಲ್ಲಿ ಗಡಿನಾಡಿನ ಬೇಟೆಗಾರರನ್ನು ಮೊದಲು ನೆನೆಯಬೇಕು. ೧೭೭೫ನೆಯ ಜೂನ್ ೧೪ರಂದು ಕಾಂಗ್ರೆಸ್ ಸಭೆಯು ಪೆನ್ಸಿಲ್ವೇನಿಯ, ಮೇರಿಲೆಂಡ್, ವರ್ಜೀನಿಯಗಳಿಂದ ರೈಫಲುಗಾರರ ೧೦ ತಂಡಗಳನ್ನು ಕೂಡಿಸಬೇಕೆಂದು ನಿಶ್ಚಯಿಸಿತು. ರೈಫಲೆಂದರೆ ನಳಿಗೆಯೊಳಗೆ ತಿರುಪಿನಂತೆ ಗೀರು ಕೊರೆದ ಕೋವಿ. ಆ ಗೀರುಗಳಿಂದ ಗುಂಡು ಬುಗುರಿಯಂತೆ ಸುತ್ತುತ್ತ ಹೋಗುವುದರಿಂದ ಗುರಿ ತಪ್ಪುವುದು ಕಡಮೆ. ದಂಡಿನ ಸಾಮಾನ್ಯವಾದ ಬಂದೂಕಿಗೆ ನುಣುಪಾದ ಅಗಲ ನಳಿಗೆ. ಅದರ ಗುಂಡುಗಳನ್ನು ಎರೆದರೆ ಒಂದು ರಾತ್ತಲು ಸೀಸಕ್ಕೆ ಸುಮಾರು ೧೪ ಮಾತ್ರ ಆಗುತ್ತಿದ್ದುವು. ರೈಫಲಿನ ನಳಿಗೆಯಾದರೋ ಇಕ್ಕಟ್ಟಾದುದು. ಅದೇ ಸೀಸದಲ್ಲಿ ೪೦ರಿಂದ ೫೦ ಗುಂಡುಗಳಾಗುತ್ತಿದ್ದುವು. ಗುಂಡು ಹಗುರವಾದಂತೆ ಅದನ್ನು ತಳ್ಳುವ ಮದ್ದೂ ಕಡಮೆ ಸಾಕು. ಪೇಟೆಯಿಂದ ನೂರಾರು ಮೈಲಿ ದೂರದ ಅರಣ್ಯದಲ್ಲಿ ಬಾಳುತ್ತಿದ್ದವರು, ವರ್ಷಕ್ಕೊಮ್ಮೆ ತೊಗಲುಗಳನ್ನು ಮಾರಿ ಮದ್ದನ್ನೂ ಸೀಸವನ್ನೂ ಕೊಳ್ಳುತ್ತಿದ್ದವರು, ಇಂತಹ ಕೋವಿಯನ್ನು ಮೆಚ್ಚಿದುದು ಸಹಜವೇ ಆಗಿದೆ.

ದಂಡಿನ ಸಿಪಾಯಿಗೆ ಕಾಗದದಲ್ಲಿ ಸುತ್ತಿದ ತೋಟೆ ಬರುತ್ತಿದ್ದಿತು. ಎಲ್ಲ ತೋಟೆಗೂ ಒಂದೇ ಅಳತೆ. ಹಲ್ಲಿನಿಂದ ಕಚ್ಚಿ ಹರಿದು ಸುರಿಯುವುದಷ್ಟೇ ಅವನ ಕೆಲಸ. ಬೇಟೆಗಾರನು ತನ್ನ ಗುಂಡನ್ನು ತಾನೇ ಅಚ್ಚಿನಲ್ಲಿ ಎರೆದು, ತನ್ನ ಮದ್ದನ್ನು ಕೊಂಬಿನಿಂದ ತಾನೇ ಸುರಿದು ಅಳೆದುಕೊಳ್ಳುತ್ತಿದ್ದನು. ಅಂಗೈಯ ಮೇಲೆ ಗುಂಡನ್ನಿಟ್ಟು ಅದು ಮುಚ್ಚುವಷ್ಟು ಮದ್ದನ್ನು ಸುರಿದರೆ ಅದೇ ಆ ಕೋವಿಗೆ ಅಳತೆಯೆಂದು ಅವರಲ್ಲೊಂದು ವಾಡಿಕೆಯ ಮಾತುಂಟು. ದೂರದ ಜಿಂಕೆಗೆ ಪೂರ್ಣವಾದ ಅಳತೆ. ಹತ್ತಿರದ ಅಳಿಲಿಗೂ ಹಕ್ಕಿಗೂ ಕಡಮೆ ಅಳತೆ. ಇದರಿಂದ ಮದ್ದೂ ಉಳಿಯುತ್ತಿದ್ದಿತು, ಮಾಂಸವೂ ಛಿದ್ರವಾಗುತ್ತಿರಲಿಲ್ಲ. ಕಡಮೆ ಮದ್ದಿನ ಗುಂಡು ದೂರ ಹೋಗದು, ಆಳಕ್ಕೆ ನಾಟದು. ಆದುದರಿಂದ ಅದನ್ನು ಬಳಸುವವನು ಬೇಟೆಯ ಸಮೀಪಕ್ಕೆ ಸದ್ದಿಲ್ಲದೆ ಹೋಗುವುದನ್ನು ಕಲಿಯಬೇಕು. ಮದ್ದಿನಲ್ಲಿ ಉಳಿಸಿದುದನ್ನು ತಾಳ್ಮೆಯಲ್ಲಿ ತೆರಬೇಕು. ಬಂಕರ್ ಹಿಲ್ಲಿನಲ್ಲಿ ನಡೆದುದೂ ಇದೇ ಲೆಕ್ಕವೆಂಬುದನ್ನು ವಾಚಕರು ಗಮನಿಸಬೇಕು.

ಆದರೂ ಈ ಬೇಟೆಗಾರರಲ್ಲಿ ಎಲ್ಲರೂ ಮಿತವ್ಯಯಿಗಳಾಗಿರಲಿಲ್ಲ. ವರ್ಜೀನಿಯದ ಡೇನಿಯಲ್ ಮಾರ್ಗನ್ನನ ತಂಡವು ಸುಮಾರು ೬೦೦ ಮೈಲಿಗಳನ್ನು ಮೂರು ವಾರಗಳಲ್ಲಿ ನಡೆದು ಕೇಂಬ್ರಿಡ್ಜಿಗೆ ಬಂದಿತು. ಅಲ್ಲಿಗೆ ಬಂದ ರೈಫಲುಗಾರರು ದೂರದ ಆಂಗ್ಲ ಪಹರೆಯವರ ಮೇಲೆ ವಿನೋದಕ್ಕೆಂಬಂತೆ ಗುಂಡು ಹಾರಿಸತೊಡಗಿದರು. ಕಾಡಿನಲ್ಲಿ ತನ್ನ ಕೊಂಬಿನ ಮದ್ದನ್ನು ಕಾಳುಕಾಳಾಗಿ ಉಳಿಸುತ್ತಿದ್ದವನು ಸರ್ಕಾರದ ಪೀಪಾಯಿಯ ಮದ್ದನ್ನು ಕಂಡಾಗ ಕೈ ಸಡಿಲಿಸಿದನು, ಇದು ಲೋಕಸ್ವಭಾವ. ವಾಷಿಂಗ್‌ಟನ್ನನು ಅಂತಹ ವ್ಯರ್ಥವಾದ ಹೊಡೆತವನ್ನು ನಿಷೇಧಿಸಿದನು. ಆಂಗ್ಲರ ಫಿರಂಗಿಗಳು ಗರ್ಜಿಸಿದರೂ ಬಹುಮಟ್ಟಿಗೆ ಪ್ರತ್ಯುತ್ತರ ಕೊಡದೆ ಸುಮ್ಮನಿರಬೇಕಾಯಿತು. ಬೆಂಜಮಿನ್ ಫ್ರಾಂಕ್ಲಿನ್ನನಂತಹ ವಿಜ್ಞಾನಿಯೇ ೧೭೭೬ನೆಯ ಫೆಬ್ರವರಿಯಲ್ಲಿ ಜನರಲ್ ಚಾರ್ಲ್ಸ್ ಲೀಗೆ ಪತ್ರ ಬರೆದು, ಬಿಲ್ಲುಬಾಣಗಳನ್ನು ಪುನಃ ಬಳಕೆಗೆ ತರಬೇಕೆಂದು ಸಲಹೆ ಮಾಡಿದನು. ಒಂದು ಗುಂಡನ್ನು ಹಾರಿಸುವಷ್ಟರಲ್ಲಿ ನಾಲ್ಕು ಬಾಣಗಳನ್ನೆಸೆಯಬಹುದು, ಹೊಗೆಯಿಂದ ಕಣ್ಣು ಮಸುಕಾಗುವುದಿಲ್ಲ, ಬಿಲ್ಲುಬಾಣಗಳು ಎಲ್ಲೆಡೆಯೂ ಸುಲಭವಾಗಿ ದೊರೆಯುತ್ತವೆ ಎಂಬಿವೇ ಅವನ ಯುಕ್ತಿಗಳು. ಅದು ಕಾರ್ಯಕ್ಕೆ ಬರಲಿಲ್ಲ; ಆದರೆ ಸಿಡಿಲನ್ನೇ ಹಿಡಿದು ಪರೀಕ್ಷಿಸಿದವನು ಧನುರ್ವೇದಕ್ಕೆ ಶರಣಾಗುವಷ್ಟು ದೇಶದಲ್ಲಿ ಮದ್ದಿಗೆ ಬರವಿದ್ದಿತೆಂಬುದಕ್ಕೆ ಆ ಪತ್ರವೇ ಸಾಕ್ಷಿ.

ಇನ್ನು ಮನೆಯಲ್ಲಿ ತಯಾರಿಸಿದ ವಿಚಾರ. ೧೭೭೫ರಲ್ಲಿ ಕಾಂಗ್ರೆಸ್ ಸಭೆಯು ಪೆಟ್ಲುಪ್ಪನ್ನು ಮಾಡುವ ವಿಧಾನಗಳನ್ನು ತಿಳಿಸುವ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ಹಂಚಿತು. ಫ್ರಾಂಕ್ಲಿನ್ನನ ಮತ್ತು ವೈದ್ಯನಾದ ಬೆಂಜಮಿನ್ ರಷ್ ಎಂಬವನ ಬರಹಗಳು ಅದರಲ್ಲಿದ್ದುವು. ಪಾಲ್ ರಿವೀರನೆಂಬ ಬೆಳ್ಳಿಯ ಕೆಲಸದವನನ್ನು ಮ್ಯಾಸಚುಸೆಟ್ಸಿನವರು ಫಿಲಡೆಲ್ಫಿಯಕ್ಕೆ ಕಳುಹಿಸಿ ಅಲ್ಲಿನ ಮದ್ದಿನ ಕಾರ್ಖಾನೆಯನ್ನು ನೋಡಿಬರುವಂತೆ ಮಾಡಿದರು. ಜಾನ್ ಆಡಮ್ಸನು ಪೆಟ್ಲುಪ್ಪಿನ ಉತ್ಸಾಹದಿಂದ ತನ್ನ ಪತ್ನಿಯಾದ ಅಬಿಗೇಲಳನ್ನು ನೀನೂ ಮಾಡುತ್ತಿರುವೆಯಾ ಎಂದು ವಿಚಾರಿಸಿದನು. ಆ ಗೃಹಿಣಿಯು ೧೭೭೬ನೆಯ ಮಾರ್ಚ್ ೩೧ರ ಪತ್ರದಲ್ಲಿ, ಇನ್ನೂ ಕೈಹಾಕಿಲ್ಲವೆಂದೂ ಸಾಬೂನು ಮಾಡುವ ಕೆಲಸವು ಮುಗಿದ ಮೇಲೆ ನೋಡುವೆನೆಂದೂ, ಮನೆಯವರು ಬತ್ತಲೆಯಿರದಂತೆ ಬಟ್ಟೆ ನೇಯುವುದೇ ತನಗೆ ಸಾಕಾಗಿದೆಯೆಂದೂ ಉತ್ತರವಿತ್ತಳು. ರಾಜ್ಯತಂತ್ರಜ್ಞರು ಕಾಗದದ ಮೇಲೆ ಮಾಡಿದ ಸಂಕಲ್ಪವು ಅಡುಗೆಮನೆಯ ಬಾಗಿಲಿಗೆ ಬಂದಾಗ ಎಷ್ಟು ಭಾರವಾಗುತ್ತದೆಂಬುದನ್ನು ಈ ಉತ್ತರವು ಚೆನ್ನಾಗಿ ತಿಳಿಸುತ್ತದೆ. ೧೭೭೬ನೆಯ ಜುಲೈ ೯ರಂದು ನ್ಯೂಯಾರ್ಕಿನ ಜನರು ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಕೆಡವಿದರು. ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಸ್ತ್ರೀಯರೂ ಮಕ್ಕಳೂ ಸೇರಿ ಅದರ ಸೀಸವನ್ನು ಕರಗಿಸಿ ೪೨,೦೮೮ ಗುಂಡುಗಳನ್ನು ಎರೆದರು. ಗುಂಡಿಗೆ ದೊರೆಯ ವಿಗ್ರಹವಾದರೂ ಒದಗಿತು. ಮದ್ದಿಗೆ ಅಂತಹ ವಿಗ್ರಹವೊಂದೂ ಇರಲಿಲ್ಲ.

ಆದುದರಿಂದ ಮೂರನೆಯ ಮಾರ್ಗವೇ ಗತಿಯಾಯಿತು. ಬರ್ಮುಡ ದ್ವೀಪದವರು ಆಹಾರಕ್ಕೆ ಅಮೆರಿಕವನ್ನೇ ನಂಬಿದ್ದರು. ಅಲ್ಲಿನ ಕೆಲವರ ಸಹಾಯದಿಂದಲೇ ೧೭೭೫ನೆಯ ಆಗಸ್ಟ್ ೧೪ರ ರಾತ್ರಿ ಸರ್ಕಾರದ ಮದ್ದಿನ ಮನೆಯಿಂದ ಸುಮಾರು ೧೦೦ ಪೀಪಾಯಿಗಳು ಹಡಗನ್ನು ಸೇರಿದುವು. ಮದ್ದು ಬಂದಿತು, ಧಾನ್ಯ ಹೋಯಿತು. ೧೭೭೬ನೆಯ ಮಾರ್ಚಿಯಲ್ಲಿ ಈಸೆಕ್ ಹಾಪ್ಕಿನ್ಸನೆಂಬ ನಾವಿಕನು ಬಹಾಮ ದ್ವೀಪಗಳ ನಾಸೋ ಪಟ್ಟಣವನ್ನು ಹಿಡಿದನು. ಅಲ್ಲಿನ ಗವರ್ನರನು ಮದ್ದಿನಲ್ಲಿ ಹೆಚ್ಚಿನ ಭಾಗವನ್ನು ಹಿಂದಿನ ರಾತ್ರಿಯೇ ಹಡಗುಗಳಲ್ಲಿ ಸಾಗಿಸಿಬಿಟ್ಟಿದ್ದರಿಂದ ಹಾಪ್ಕಿನ್ಸನಿಗೆ ಫಿರಂಗಿಗಳು ಬಹಳವಾಗಿಯೂ ಮದ್ದು ೨೪ ಪೀಪಾಯಿ ಮಾತ್ರವೂ ದೊರೆತುವು. ಡಚ್ಚರ ಮತ್ತು ಫ್ರೆಂಚರ ದ್ವೀಪಗಳ ವರ್ತಕರು ಗುಟ್ಟಾಗಿ ಮಾರುತ್ತಿದ್ದುದೇ ಮುಖ್ಯವಾದ ಆಧಾರವಾಯಿತು. ಫ್ರಾನ್ಸಿನಲ್ಲಿ ನಾಟಕಕರ್ತನಾದ ಬೋಮಾರ್ಷೆಯು ದೊರೆಯ ಗುಪ್ತಧನದಿಂದ ೧೭೭೬ರಲ್ಲಿ ವ್ಯಾಪಾರಿಯ ವೇಷದ ಒಂದು ಮಂಡಿಯನ್ನು ತೆರೆದು ಮದ್ದನ್ನೂ ಬಂದೂಕುಗಳನ್ನೂ ಕಳುಹಿಸಿದನು. ಚರಿತ್ರಕಾರರು ಮಾಡಿರುವ ಲೆಕ್ಕದಂತೆ, ೧೭೭೭ರ ಕೊನೆಯವರೆಗೆ ಅಮೆರಿಕದವರಿಗೆ ದೊರೆತ ಮದ್ದು ಸುಮಾರು ೨೩,೪೭,೦೦೦ ರಾತ್ತಲು. ಇದರಲ್ಲಿ ಮೊದಲೇ ಇದ್ದುದು ಸುಮಾರು ೮೦,೦೦೦. ಸ್ವದೇಶದ ಪೆಟ್ಲುಪ್ಪಿನಿಂದಾದುದು ಸುಮಾರು ೧,೧೫,೦೦೦. ಉಳಿದುದೆಲ್ಲವೂ, ಎಂದರೆ ನೂರಕ್ಕೆ ೯೦ಕ್ಕೂ ಮೀರಿದ ಭಾಗ, ಮದ್ದಾಗಿ ಅಥವಾ ಪೆಟ್ಲುಪ್ಪಾಗಿ ಸಮುದ್ರವನ್ನು ದಾಟಿ ಬಂದುದು. ೧೭೭೭ನೆಯ ಅಕ್ಟೋಬರ್ ೧೭ರಂದು ಸಾರಟೋಗದಲ್ಲಿ ಆಂಗ್ಲ ಸೈನ್ಯವು ಶರಣಾದುದು ಇಂತಹ ಪರದೇಶದ ಮದ್ದಿನ ಬಲದಿಂದಲೇ. ಅದಾದ ಮೇಲೆ ೧೭೭೮ನೆಯ ಫೆಬ್ರವರಿ ೬ರಂದು ಫ್ರಾನ್ಸು ಬಹಿರಂಗವಾಗಿ ಮಿತ್ರರಾಜ್ಯವಾಯಿತು. ಸಪ್ತಾಂಗಗಳಲ್ಲಿ ಕೊರತೆಯಾಗಿದ್ದ ಕೊನೆಯ ಅಂಗವು ಹೀಗೆ ಕೂಡಿಕೊಂಡಿತು.

ಫ್ರಾನ್ಸಿನ ಬಳಿ ಕೊಡುವಷ್ಟು ಮದ್ದಿದ್ದುದೇಕೆ? ಇಲ್ಲಿ ನಮ್ಮ ದೇಶದ ಕಥೆಯು ಬಂದು ಸೇರುತ್ತದೆ. ಅಂದಿನ ಪ್ರಪಂಚದಲ್ಲಿ ಪೆಟ್ಲುಪ್ಪಿಗೆ ಉತ್ತಮವಾದ ಆಕರವು ಬಿಹಾರ ಪ್ರಾಂತ. ಪಾಟ್ನಾದ ಸುತ್ತಣ ಹಳ್ಳಿಗಳಲ್ಲಿ ನೋನಿಯಾ ಎಂಬ ಜಾತಿಯ ಬಡಜನರು ಮಣ್ಣನ್ನು ಕೆರೆದು ಸೋಸಿ ಕಾಯಿಸುತ್ತಿದ್ದರು. ನಮ್ಮಲ್ಲಿ ಉಪ್ಪಾರರಿಗೆ ಉಪ್ಪಿನಿಂದ ಹೆಸರು ಬಂದಂತೆ ಅವರಿಗೂ ಆ ದೇಶಭಾಷೆಯ ಉಪ್ಪಿನ ಹೆಸರೇ ಬಂದಿದೆ. ೧೭೫೭ರ ಪ್ಲಾಸಿ ಯುದ್ಧದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪೆನಿಯವರು ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ಸಂಪಾದಿಸಿದರು. ಅಂದಿನಿಂದ ಇಂಗ್ಲೆಂಡಿಗೆ ಮದ್ದಿನ ಚಿಂತೆಯಿಲ್ಲವಾಯಿತು. ಫ್ರಾನ್ಸಿಗೆ ಆ ಚಿಂತೆಯೇ ದೊಡ್ಡದಾಯಿತು. ಅದರ ಪರಿಹಾರಕ್ಕಾಗಿ ೧೭೭೫ರಲ್ಲಿ ಮಂತ್ರಿಯಾದ ತ್ಯುರ್ಗೋ ಎಂಬವನು ಮದ್ದಿನ ಆಡಳಿತವನ್ನು ಗುತ್ತಿಗೆದಾರರಿಂದ ತೆಗೆದು ಸರ್ಕಾರದ ಮಂಡಲಿಗೆ ಒಪ್ಪಿಸಿದನು. ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲಾವೊಸಿಯೆ ಆ ಮಂಡಲಿಯಲ್ಲಿ ಒಬ್ಬ ಸದಸ್ಯನು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಮದ್ದು ಪರಿಮಾಣದಲ್ಲಿಯೂ ಗುಣದಲ್ಲಿಯೂ ಹೆಚ್ಚಿತು. ಹೀಗೆ ಭಾರತದ ಮಣ್ಣನ್ನು ಆಂಗ್ಲರು ಸ್ವಾಧೀನಪಡಿಸಿಕೊಂಡುದೇ ಫ್ರೆಂಚರನ್ನು ಎಚ್ಚರಿಸಿತು. ಎಚ್ಚೆತ್ತ ಫ್ರೆಂಚರ ಕೈ ಅಮೆರಿಕಕ್ಕೆ ಆಸರೆಯಾಯಿತು. ಆದರೆ ಬಿಹಾರದ ನೋನಿಯಾನ ಶ್ರಮವು ಅವನಿಗರಿಯದಂತೆಯೇ ಇನ್ನೊಂದು ಜನಾಂಗದ ಸ್ವಾತಂತ್ರ್ಯವನ್ನಡಗಿಸುವ ಫಿರಂಗಿಗಳಲ್ಲಿ ಉರಿಯುತ್ತಿದ್ದಿತು. ಅವನಿಗೆ ಇದರಿಂದ ದೊರೆತುದು ಏಕಸ್ವಾಮ್ಯದವರು ನಿಶ್ಚಯಿಸಿದ ಬೆಲೆ ಮಾತ್ರ.

ಕನ್ನಡನಾಡಿನ ಹೆಸರೊಂದೂ ಈ ಯುದ್ಧದಲ್ಲಿ ಕೇಳಿಬರುತ್ತದೆ. ಆಂಗ್ಲರನ್ನು ಎದುರಿಸಿ ನಿಂತಿದ್ದ ಮೈಸೂರಿನ ಹೈದರಾಲಿಯ ಕೀರ್ತಿಯು ಅಮೆರಿಕಕ್ಕೂ ಮುಟ್ಟಿದ್ದುದರಿಂದ, ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ ಅವನ ಹೆಸರನ್ನಿಟ್ಟರು. ಜೋಷುವ ಬಾರ್ನಿಯ ನಾಯಕತ್ವದಲ್ಲಿ ಆ ನೌಕೆಯು ೧೭೮೨ನೆಯ ಏಪ್ರಿಲ್ ೮ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಆಂಗ್ಲ ನೌಕೆಯನ್ನು ಸೆರೆಹಿಡಿಯಿತು. ಅರಸನ ಹೆಸರು ಸಮುದ್ರವನ್ನು ದಾಟಿತು. ಉಪ್ಪು ಕಾಯಿಸಿದವನ ಹೆಸರು ಹಳ್ಳಿಯ ಎಲ್ಲೆಯನ್ನೂ ದಾಟಲಿಲ್ಲ.

ಯುದ್ಧಾನಂತರದ ಸಂಗತಿಯೊಂದನ್ನು ಹೇಳಿ ಮುಗಿಸುವೆನು. ಲಾವೊಸಿಯೆಯು ೧೭೯೪ನೆಯ ಮೇ ೮ರಂದು ಫ್ರಾನ್ಸಿನ ಕ್ರಾಂತಿಕಾರರಿಂದ ಶಿರಚ್ಛೇದಕ್ಕೆ ಗುರಿಯಾದನು. ಅವನಲ್ಲಿ ಮದ್ದಿನ ವಿದ್ಯೆಯನ್ನು ಕಲಿತಿದ್ದ ಇರಿನೇ ಡು ಪಾಂಟ್ ಎಂಬವನು ಅಮೆರಿಕಕ್ಕೆ ವಲಸೆ ಹೋಗಿ, ೧೮೦೨ರಲ್ಲಿ ಬ್ರಾಂಡಿವೈನ್ ನದಿಯ ದಡದಲ್ಲಿ ಮದ್ದಿನ ಕಾರ್ಖಾನೆಯನ್ನು ಸ್ಥಾಪಿಸಿದನು. ತಲೆಗೆ ೯ ತೋಟೆಗಳಿಲ್ಲದೆ ಮೌನವಾಗಿ ಕುಳಿತ ದೇಶವು ಮುಂದೆ ಲೋಕಕ್ಕೆಲ್ಲ ಮದ್ದನ್ನು ಮಾರುವ ದೇಶವಾಯಿತು. ಐಶ್ವರ್ಯ ಬಂದ ಮೇಲೆ ಅಳತೆಯನ್ನು ಕಾಪಾಡುವುದು, ಬಡತನದಲ್ಲಿ ಕಾಪಾಡುವುದಕ್ಕಿಂತ ಕಷ್ಟವಾದುದು. ಅಂಗೈಯ ಮೇಲೆ ಗುಂಡನ್ನಿಟ್ಟು, ಬೇಕಾದಷ್ಟನ್ನೇ ಸುರಿದು, ಉಳಿದುದನ್ನು ಕೊಂಬಿಗೆ ಹಿಂದಿರುಗಿಸುತ್ತಿದ್ದ ಬೇಟೆಗಾರನಿಗೆ ಒಂದು ಕಾಳು ಮದ್ದಿನ ಬೆಲೆ ಗೊತ್ತಿದ್ದಿತು. ಒಂದು ಹೊಡೆತದ ಬೆಲೆಯೂ ಗೊತ್ತಿದ್ದಿತು. ಚರಿತ್ರೆಯನ್ನೋದುವ ನಮ್ಮ ಯುವಕರು ವಿಜಯಗಳ ಪಟ್ಟಿಯನ್ನು ಕಲಿಯುವಾಗ, ಆ ಕಾಳು ಯಾರ ಕೊಟ್ಟಿಗೆಯ ಮಣ್ಣಿನಿಂದ ಬಂದಿತು, ಅದನ್ನು ಕಾಯಿಸಿದವರು ಯಾರು ಎಂಬ ಪ್ರಶ್ನೆಯನ್ನೂ ಕೇಳುವುದನ್ನು ಕಲಿತರೆ ಈ ಲೇಖನದ ಶ್ರಮವು ಸಾರ್ಥಕವಾಗುವುದು.